ಒಂದೇ ಟಿಕೆಟ್ ಇದ್ದ ಗುಂಪು: ಭಾರತ ಏಷ್ಯನ್ ಕಪ್ ತಪ್ಪಿಸಿಕೊಂಡಿದ್ದು ಹೇಗೆ?

2024ರ ಡಿಸೆಂಬರ್ 9ರಂದು ಕ್ವಾಲಾಲಂಪುರದಲ್ಲಿ 2027ರ ಏಷ್ಯನ್ ಕಪ್ ಫುಟ್‌ಬಾಲ್ ಅರ್ಹತಾ ಸುತ್ತಿನ ಗುಂಪುಗಳ ಡ್ರಾ ಎತ್ತಿದರು. ಭಾರತಕ್ಕೆ ಸಿಕ್ಕಿದ್ದು ಸಿ ಗುಂಪು. ಜೊತೆಗೆ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಆಗ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 127ನೇ ಸ್ಥಾನದಲ್ಲಿತ್ತು. ಉಳಿದ ಮೂರೂ ತಂಡಗಳು 150ರ ಆಚೆ ಇದ್ದವು. ಜಪಾನ್ ಇಲ್ಲ, ಇರಾನ್ ಇಲ್ಲ, ಕೊಲ್ಲಿಯ ಒಂದೇ ಒಂದು ದೇಶವೂ ಇಲ್ಲ. ಸುಲಭದ ಗುಂಪು ಅಂತ ಎಲ್ಲರೂ ಹೇಳಿದರು.

2025ರ ಅಕ್ಟೋಬರ್ 14ರ ರಾತ್ರಿ ಗೋವಾದ ಫತೋರ್ಡಾ ಮೈದಾನದಲ್ಲಿ ಸಿಂಗಪುರದ ಎದುರು 1-2ರಲ್ಲಿ ಸೋತು ಭಾರತ ಹೊರಬಿತ್ತು. ಇನ್ನೂ ಎರಡು ಪಂದ್ಯ ಬಾಕಿ ಇದ್ದವು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋತಿತು. ಐದು ಪಂದ್ಯ ಮುಗಿದಾಗ ಪಟ್ಟಿ ಹೀಗಿತ್ತು: ಸಿಂಗಪುರ 11 ಅಂಕ, ಹಾಂಗ್‌ಕಾಂಗ್ 8, ಬಾಂಗ್ಲಾದೇಶ 5, ಭಾರತ 2. ಒಂದೂ ಗೆಲುವಿಲ್ಲ. ಹಾಂಗ್‌ಕಾಂಗ್ ಜೊತೆಗಿನ ಕೊನೆಯ ಪಂದ್ಯ 2026ರ ಮಾರ್ಚ್‌ನಲ್ಲಿತ್ತು. ಆದರೆ ಆ ಹೊತ್ತಿಗೆ ಮೊದಲ ಸ್ಥಾನ ಯಾರದು ಅನ್ನೋದು ತೀರ್ಮಾನ ಆಗಿಹೋಗಿತ್ತು.

ಇದನ್ನು ದುರದೃಷ್ಟ ಅಂತ ಬದಿಗಿಟ್ಟವರಿದ್ದಾರೆ. ಆಟಗಾರರಿಗೆ ಮನಸ್ಸಿರಲಿಲ್ಲ ಅಂತ ಬೈದವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಈ ಗುಂಪಿನ ನಿಯಮವನ್ನೂ ಅಂಕಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಗುಂಪಿನಿಂದ ಒಬ್ಬರಿಗೆ ಮಾತ್ರ ಜಾಗ ಇದ್ದಾಗ ಡ್ರಾ ಮಾಡಿಕೊಂಡು ಬದುಕಲು ಆಗುವುದಿಲ್ಲ. ಗೆಲ್ಲಬೇಕು, ಅಂದರೆ ಗೋಲು ಹೊಡೆಯಬೇಕು. ಗೋಲು ಹೊಡೆಯುವವರನ್ನು ನಾವು ಬೆಳೆಸಿಲ್ಲ.

ಮೊದಲು ನಿಯಮ. ಏಷ್ಯನ್ ಕಪ್‌ನಲ್ಲಿ 24 ತಂಡಗಳು ಆಡುತ್ತವೆ. 2027ರ ಟೂರ್ನಿ ಸೌದಿ ಅರೇಬಿಯಾದಲ್ಲಿ. ಈ ಸಲ 18 ತಂಡಗಳು ವಿಶ್ವಕಪ್ ಅರ್ಹತಾ ಪಂದ್ಯಗಳ ಎರಡನೇ ಸುತ್ತಿನಿಂದಲೇ ನೇರವಾಗಿ ಆಯ್ಕೆಯಾದವು. ಅಲ್ಲಿ ಒಂಬತ್ತು ಗುಂಪು, ಪ್ರತಿ ಗುಂಪಿನಿಂದ ಇಬ್ಬರು. ಉಳಿದ ಆರು ಜಾಗಕ್ಕೆ 24 ತಂಡಗಳು, ಆರು ಗುಂಪುಗಳು. ಪ್ರತಿ ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಟಿಕೆಟ್. ಎರಡನೆಯವರಿಗೆ ಏನೂ ಇಲ್ಲ.

ಹಿಂದೆ ಹೀಗಿರಲಿಲ್ಲ. 2019ರ ಏಷ್ಯನ್ ಕಪ್‌ಗೆ ಗುಂಪಿನ ಮೊದಲ ಇಬ್ಬರೂ ಹೋಗಬಹುದಿತ್ತು. ಆಗ ಭಾರತದ ಗುಂಪಿನಲ್ಲಿ ಕಿರ್ಗಿಸ್ತಾನ್, ಮ್ಯಾನ್ಮಾರ್, ಮಕಾವು ಇದ್ದವು. 2017ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಸುನಿಲ್ ಛೆಟ್ರಿ ಹೊಡೆದ ಒಂದೇ ಗೋಲಿನಿಂದ ಕಿರ್ಗಿಸ್ತಾನ್ ಸೋತಿತು. ಅಕ್ಟೋಬರ್ 11ರಂದು ಅದೇ ಕಂಠೀರವದಲ್ಲಿ ಮಕಾವು ವಿರುದ್ಧ 4-1ರಲ್ಲಿ ಗೆದ್ದು ಭಾರತ ಏಷ್ಯನ್ ಕಪ್‌ಗೆ ಹೋಯಿತು. ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳು ಮರೆಯದ ರಾತ್ರಿ ಅದು.

2023ರ ಏಷ್ಯನ್ ಕಪ್‌ಗೆ ಆರು ಗುಂಪುಗಳ ವಿಜೇತರ ಜೊತೆ, ಎರಡನೇ ಸ್ಥಾನ ಪಡೆದವರಲ್ಲಿ ಉತ್ತಮ ಐವರಿಗೂ ಜಾಗ ಇತ್ತು. 24ರಲ್ಲಿ 11 ತಂಡ ಪಾಸ್. ಅದಕ್ಕೂ ಮುಖ್ಯವಾಗಿ, 2022ರ ಜೂನ್‌ನಲ್ಲಿ ಭಾರತದ ಗುಂಪಿನ ಎಲ್ಲಾ ಪಂದ್ಯಗಳೂ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲೇ ನಡೆದವು. ಕಾಂಬೋಡಿಯಾ ವಿರುದ್ಧ 2-0, ಅಫ್ಘಾನಿಸ್ತಾನದ ವಿರುದ್ಧ 2-1, ಹಾಂಗ್‌ಕಾಂಗ್ ವಿರುದ್ಧ 4-0. ಹೌದು, ಈಗ ನಮ್ಮನ್ನು ಸೋಲಿಸಿದ ಅದೇ ಹಾಂಗ್‌ಕಾಂಗ್.

ಈ ಸಲ 24ರಲ್ಲಿ ಆರು ಮಾತ್ರ. ತವರಿನಲ್ಲಿ ಮೂರು ಪಂದ್ಯ, ಹೊರಗೆ ಮೂರು. ಒಂದು ಪಂದ್ಯ ಕೈತಪ್ಪಿದರೆ ಸರಿಮಾಡಿಕೊಳ್ಳಲು ಐದೇ ಅವಕಾಶ, ಅದೂ ತಿಂಗಳುಗಟ್ಟಲೆ ಅಂತರದಲ್ಲಿ. ಎದುರಾಳಿಗಳ ರ‍್ಯಾಂಕಿಂಗ್ ನೋಡಿ ಸುಲಭ ಅಂದವರು ಈ ನಿಯಮವನ್ನು ಗಮನಿಸಲಿಲ್ಲ.

ನಿಜ ಹೇಳಬೇಕೆಂದರೆ ಭಾರತ ಈ ಗುಂಪಿಗೆ ಬರಲೇಬೇಕಿರಲಿಲ್ಲ. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತಿನಲ್ಲಿ ಭಾರತ ಇದ್ದ ಎ ಗುಂಪಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ ಇದ್ದವು. 2023ರ ನವೆಂಬರ್ 16ರಂದು ಕುವೈತ್‌ಗೇ ಹೋಗಿ, ಮನ್‌ವೀರ್ ಸಿಂಗ್ ಗೋಲಿನಿಂದ 1-0 ಗೆದ್ದಾಗ ಎರಡನೇ ಸ್ಥಾನ ಕೈಗೆ ಸಿಕ್ಕಷ್ಟೇ ಹತ್ತಿರ ಇತ್ತು. ಎರಡನೇ ಸ್ಥಾನ ಬಂದಿದ್ದರೆ ಎರಡು ಬಹುಮಾನ: ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು, ಜೊತೆಗೆ ನೇರವಾಗಿ 2027ರ ಏಷ್ಯನ್ ಕಪ್.

ಆಮೇಲೆ 2024ರ ಮಾರ್ಚ್ 26ರ ಗುವಾಹಟಿ ಪಂದ್ಯ ಬಂತು. ಎದುರಾಳಿ ಅಫ್ಘಾನಿಸ್ತಾನ. ಛೆಟ್ರಿಗೆ ಅದು 150ನೇ ಅಂತರರಾಷ್ಟ್ರೀಯ ಪಂದ್ಯ. ಅವರು ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆ ಕೊಟ್ಟರು. 70ನೇ ನಿಮಿಷದಲ್ಲಿ ರಹ್ಮತ್ ಅಕ್ಬರಿ ಸಮ ಮಾಡಿದರು. 88ನೇ ನಿಮಿಷದಲ್ಲಿ ಷರೀಫ್ ಮುಖಮ್ಮದ್ ಪೆನಾಲ್ಟಿ ಹೊಡೆದರು. 1-2. ಕೊನೆಗೆ ಕತಾರ್ 16, ಕುವೈತ್ 7, ಭಾರತ 5, ಅಫ್ಘಾನಿಸ್ತಾನ 5 ಅಂಕ. ಗುವಾಹಟಿಯಲ್ಲಿ ಗೆದ್ದಿದ್ದರೆ ಭಾರತಕ್ಕೆ 8 ಅಂಕ ಆಗುತ್ತಿತ್ತು. ಕುವೈತನ್ನು ಹಿಂದಿಕ್ಕಿ ಎರಡನೇ ಸ್ಥಾನ, ಸೌದಿಗೆ ನೇರ ದಾರಿ.

ದೋಹಾದಲ್ಲಿ ಕತಾರ್ ವಿರುದ್ಧದ ಕೊನೆಯ ಪಂದ್ಯದಲ್ಲಿ ಮೈದಾನದ ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಎಳೆದು ಹೊಡೆದ ಗೋಲನ್ನು ರೆಫರಿ ಕೊಟ್ಟುಬಿಟ್ಟರು. ಅದರ ಬಗ್ಗೆ ಎಲ್ಲರೂ ಸಿಟ್ಟಾದರು, ಸಿಟ್ಟು ನ್ಯಾಯವೂ ಆಗಿತ್ತು. ಆದರೆ ಆ ಪಂದ್ಯದ ಮೇಲೆ ಎಲ್ಲವೂ ನಿಲ್ಲುವ ಹಾಗೆ ಆಗಿದ್ದೇ ಗುವಾಹಟಿಯಿಂದ.

ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಕೋಚ್ ಆಗಿದ್ದವರು ಆಶ್ಲಿ ವೆಸ್ಟ್‌ವುಡ್. ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಮೊದಲ ಕೋಚ್ ಅವರೇ. ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದರು, 2015-16ರಲ್ಲಿ ಮತ್ತೊಮ್ಮೆ ಗೆಲ್ಲಿಸಿದರು. ಛೆಟ್ರಿ ಆಗ ಅವರ ಕ್ಯಾಪ್ಟನ್. ಭಾರತೀಯ ಆಟಗಾರರು ಎಲ್ಲಿ ಗಟ್ಟಿ, ಎಲ್ಲಿ ಸೋರುತ್ತಾರೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಅದೇ ವೆಸ್ಟ್‌ವುಡ್ 2024ರಲ್ಲಿ ಹಾಂಗ್‌ಕಾಂಗ್ ಕೋಚ್ ಆದರು. ಹಾಗಾಗಿ ಸಿ ಗುಂಪಿನಲ್ಲಿ ಅವರು ಮತ್ತೆ ನಮ್ಮ ಎದುರಿಗಿದ್ದರು.

ಗುಂಪಿನ ಮೊದಲ ಪಂದ್ಯ 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ, ಬಾಂಗ್ಲಾದೇಶದ ಎದುರು. ನನ್ನ ಪ್ರಕಾರ ಭಾರತ ಟಿಕೆಟ್ ಕಳೆದುಕೊಂಡದ್ದು ಅಲ್ಲೇ, ಉಳಿದದ್ದೆಲ್ಲ ಅದರ ಮುಂದುವರಿಕೆ. ಕೋಚ್ ಮನೋಲೊ ಮಾರ್ಕೆಸ್ ಅವರಿಗೆ ಗೋಲು ಹೊಡೆಯುವವರು ಸಿಗಲಿಲ್ಲ. 2024ರ ಜೂನ್‌ನಲ್ಲಿ ನಿವೃತ್ತಿ ಹೇಳಿದ್ದ ಛೆಟ್ರಿಯನ್ನು 40ರ ವಯಸ್ಸಿನಲ್ಲಿ ವಾಪಸ್ ಕರೆಸಿದರು. ಅದಕ್ಕೆ ಕಾರಣವೂ ಇತ್ತು. ಆ ಸೀಸನ್ ದೇಶದ ಮುಖ್ಯ ಲೀಗ್ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಛೆಟ್ರಿಯೇ. ಶಿಲ್ಲಾಂಗ್‌ನಲ್ಲೇ ಮಾಲ್ಡೀವ್ಸ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ 3-0 ಗೆಲುವು ಬಂತು, ಛೆಟ್ರಿ ಒಂದು ಗೋಲು ಹೊಡೆದರು. ಎಲ್ಲ ಸರಿಹೋಯಿತು ಅನ್ನಿಸಿತು.

ಆದರೆ ಬಾಂಗ್ಲಾದೇಶ ಬೇರೆ ತಂಡವಾಗಿ ಬಂದಿತ್ತು. ಲೆಸ್ಟರ್ ಸಿಟಿಯ ಮಿಡ್‌ಫೀಲ್ಡರ್ ಹಮ್ಜಾ ಚೌಧರಿ ಅವತ್ತೇ ಮೊದಲ ಸಲ ಬಾಂಗ್ಲಾ ಅಂಗಿ ತೊಟ್ಟರು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಆಡಿದ ಆಟಗಾರ ಮಧ್ಯದಲ್ಲಿ ನಿಂತರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನೋದು 90 ನಿಮಿಷ ಕಂಡಿತು. ಮೊದಲ ನಿಮಿಷದಲ್ಲೇ ಭಾರತದ ಗೋಲ್‌ಕೀಪರ್ ಎಡವಟ್ಟು ಮಾಡಿದರು, ಬಾಂಗ್ಲಾ ಖಾಲಿ ಗೋಲಿಗೆ ಹೊಡೆಯದೆ ಪಕ್ಕದ ಬಲೆಗೆ ಹೊಡೆಯಿತು. ಮುಗಿದಾಗ 0-0. ಪಂದ್ಯದ ನಂತರ ಮಾರ್ಕೆಸ್ ತಮ್ಮ ಸಿಟ್ಟನ್ನು ಮುಚ್ಚಿಡಲಿಲ್ಲ. ಅದೇ ದಿನ ಸಿಂಗಪುರ–ಹಾಂಗ್‌ಕಾಂಗ್ ಕೂಡ 0-0 ಆಗಿತ್ತು. ಹಾಗಾಗಿ ನಾಲ್ವರದ್ದೂ ಒಂದೊಂದು ಅಂಕ, ಏನೂ ಕಳೆದುಕೊಂಡಿಲ್ಲ ಅನ್ನುವ ಸಮಾಧಾನ. ಆದರೆ ತವರಿನಲ್ಲಿ ಸಿಗಬೇಕಿದ್ದ ಒಂಬತ್ತು ಅಂಕಗಳಲ್ಲಿ ಎರಡು ಅವತ್ತೇ ಹೋದವು, ಅದೂ ಗುಂಪಿನಲ್ಲೇ ಕೆಳಗಿನ ರ‍್ಯಾಂಕಿಂಗ್‌ನ ತಂಡದ ಎದುರು.

ಜೂನ್ 10ಕ್ಕೆ ಹಾಂಗ್‌ಕಾಂಗ್. ಹೊಸದಾಗಿ ತೆರೆದಿದ್ದ ಕೈ ಟಾಕ್ ಸ್ಟೇಡಿಯಂ, 40 ಸಾವಿರಕ್ಕೂ ಜಾಸ್ತಿ ಜನ. ಮೊದಲಾರ್ಧದಲ್ಲಿ ಆಶಿಕ್ ಕುರುಣಿಯನ್‌ಗೆ ಗೋಲಿನ ಮುಂದೆಯೇ ಚೆಂಡು ಸಿಕ್ಕಿತು, ಹೊರಗೆ ಹೋಯಿತು. ಆಟ ಡ್ರಾ ಆಗುತ್ತದೆ ಅನ್ನುವಾಗ, ಗೋಲ್‌ಕೀಪರ್ ವಿಶಾಲ್ ಕೈತ್ ಎತ್ತರದ ಚೆಂಡನ್ನು ಗುದ್ದಲು ಮುಂದೆ ಬಂದು ಎದುರಾಳಿಗೆ ತಾಗಿದರು. ಪೆನಾಲ್ಟಿ. 90+4ನೇ ನಿಮಿಷದಲ್ಲಿ ಸ್ಟೆಫಾನ್ ಪೆರೇರಾ ಗೋಲು ಹೊಡೆದರು. ವೆಸ್ಟ್‌ವುಡ್ ಎರಡನೇ ಸಲ, ಬೇರೆ ದೇಶದ ತಂಡ ಕಟ್ಟಿಕೊಂಡು, ಕೊನೆಯ ಗಳಿಗೆಯ ಪೆನಾಲ್ಟಿಯಿಂದಲೇ ಭಾರತವನ್ನು ಸೋಲಿಸಿದ್ದರು. ಅವರ ಎರಡೂ ತಂಡಗಳು ಮಾಡಿದ್ದು ಒಂದೇ ಕೆಲಸ. ಹಿಂದೆ ಗಟ್ಟಿಯಾಗಿ ನಿಂತವು, ಭಾರತ ಗೋಲು ಹೊಡೆಯಲಾರದೆ ಸುಸ್ತಾಗುವವರೆಗೆ ಕಾದವು.

ಜುಲೈ ಆರಂಭದಲ್ಲಿ ಮಾರ್ಕೆಸ್ ಹೋದರು. ಎಂಟು ಪಂದ್ಯಗಳಲ್ಲಿ ಅವರ ಏಕೈಕ ಗೆಲುವು ಆ ಮಾಲ್ಡೀವ್ಸ್ ಪಂದ್ಯ. ಅವರು ಆ ಸೀಸನ್ ಪೂರ್ತಿ ಎಫ್‌ಸಿ ಗೋವಾದ ಕೋಚ್ ಕೂಡ ಆಗಿದ್ದರು ಅನ್ನೋದನ್ನ ಇಲ್ಲಿ ಹೇಳಲೇಬೇಕು. ರಾಷ್ಟ್ರೀಯ ತಂಡದ ಕೋಚ್ ಕೆಲಸ ಅರ್ಧ ದಿನದ ಕೆಲಸವಲ್ಲ, ಅಲ್ವಾ? ಆ ಏರ್ಪಾಡಿಗೆ ಒಪ್ಪಿದ್ದು ಭಾರತದ ಫುಟ್‌ಬಾಲ್ ಫೆಡರೇಶನ್. ಆಗಸ್ಟ್ 1ಕ್ಕೆ ಖಾಲಿದ್ ಜಮೀಲ್ ಬಂದರು. ಸುಮಾರು 14 ತಿಂಗಳಲ್ಲಿ ಇಗೋರ್ ಸ್ಟಿಮಾಕ್, ಮಾರ್ಕೆಸ್, ಜಮೀಲ್ ಹೀಗೆ ಮೂವರು ಕೋಚ್‌ಗಳು. ಮೂವರ ಆಟದ ರೀತಿಯೂ ಬೇರೆ ಬೇರೆ.

ಜಮೀಲ್ ಆರಂಭ ಚೆನ್ನಾಗಿತ್ತು. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನವನ್ನು ಸೋಲಿಸಿದರು, ಮೂರನೇ ಸ್ಥಾನದ ಪಂದ್ಯದಲ್ಲಿ ಒಮಾನ್ ಅನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿದರು. ಒಮಾನ್ ಎದುರಿನ ಆ ಫಲಿತಾಂಶ ಸಣ್ಣದಲ್ಲ. ಅಕ್ಟೋಬರ್ 9ರಂದು ಸಿಂಗಪುರದಲ್ಲೂ ತಂಡ ಹಟ ಬಿಡಲಿಲ್ಲ. ಮೊದಲಾರ್ಧದ ಕೊನೆಗೆ ಇಖ್ಸಾನ್ ಫಾಂಡಿ ಗೋಲು ಹೊಡೆದರು. ಎರಡನೇ ಅರ್ಧ ಶುರುವಾಗುತ್ತಿದ್ದಂತೆ ಸಂದೇಶ್ ಜಿಂಗಾನ್‌ಗೆ ರೆಡ್ ಕಾರ್ಡ್. ಹತ್ತೇ ಜನ. ಆದರೂ 90ನೇ ನಿಮಿಷದಲ್ಲಿ ಎದುರಾಳಿಯ ಹಿಂದಿನ ಪಾಸ್ ಕೆಟ್ಟಿದ್ದನ್ನು ಹಿಡಿದು ರಹೀಮ್ ಅಲಿ ಸಮ ಮಾಡಿದರು. ಈ ಗುಂಪಿನಲ್ಲಿ ಭಾರತದ ಹೆಮ್ಮೆಯ ರಾತ್ರಿ ಅಂತ ಇದ್ದರೆ ಅದೊಂದೇ.

ಐದು ದಿನ ಬಿಟ್ಟು ಫತೋರ್ಡಾದಲ್ಲಿ ಅದೇ ಸಿಂಗಪುರ. 14ನೇ ನಿಮಿಷದಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ದೂರದಿಂದ ಹೊಡೆದ ಚೆಂಡು ಒಳಗೆ ಹೋಯಿತು. ಗುಂಪಿನಲ್ಲಿ ಮೊದಲ ಸಲ ಭಾರತ ಮುಂದಿತ್ತು. ಆಮೇಲೆ ಎರಡನೇ ಗೋಲಿಗೆ ಹೋಗಬೇಕಿತ್ತು. ಹೋಗಲಿಲ್ಲ. 44ನೇ ನಿಮಿಷದಲ್ಲಿ ಸಾಂಗ್ ಉಯ್-ಯಂಗ್, 58ನೇ ನಿಮಿಷದಲ್ಲಿ ಮತ್ತೆ ಅವರೇ. ಆಟ ಮುಗಿಯುವಷ್ಟರಲ್ಲಿ ಭಾರತದ ಏಷ್ಯನ್ ಕಪ್ ಕೂಡ ಮುಗಿದಿತ್ತು.

ಢಾಕಾ ಪಂದ್ಯದಿಂದ ಪಟ್ಟಿಯಲ್ಲಿ ದೊಡ್ಡದೇನೂ ಬದಲಾಗುವಂತಿರಲಿಲ್ಲ. ಆದರೆ ಗಾಯ ದೊಡ್ಡದಾಯಿತು. ಮೊದಲ ಕಾಲು ಗಂಟೆಯೊಳಗೆ ಶೇಖ್ ಮೊರ್ಸಲಿನ್ ಹೊಡೆದ ಗೋಲೇ ಕೊನೆಯವರೆಗೂ ನಿಂತಿತು. ಭಾರತ ಸಮ ಮಾಡುವ ಹೊತ್ತಿನಲ್ಲಿ ಗೋಲಿನ ಮುಂದೆ ನಿಂತು ತಲೆಯಿಂದ ಚೆಂಡನ್ನು ಆಚೆ ತಳ್ಳಿದವರು ಹಮ್ಜಾ. ಬಾಂಗ್ಲಾದೇಶ ಭಾರತವನ್ನು ಸೋಲಿಸಿದ್ದು 2003ರ ನಂತರ ಅದೇ ಮೊದಲು. ಅದೇ ರಾತ್ರಿ ಕೈ ಟಾಕ್‌ನಲ್ಲಿ ಸಿಂಗಪುರ ಒಂದು ಗೋಲು ಹಿಂದಿದ್ದೂ ಹಾಂಗ್‌ಕಾಂಗ್ ವಿರುದ್ಧ 2-1ರಲ್ಲಿ ಗೆದ್ದಿತು. ಹಾಂಗ್‌ಕಾಂಗ್ ಕೊನೆಯ ಪಂದ್ಯ ಗೆದ್ದರೂ ಅಂಕ ಸಮ ಆಗುತ್ತಿತ್ತು ಅಷ್ಟೇ. ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಸಿಂಗಪುರ ಮುಂದಿತ್ತು. ಹಿಂದೆ ಸಿಂಗಪುರ ಏಷ್ಯನ್ ಕಪ್ ಆಡಿದ್ದು ಒಮ್ಮೆ ಮಾತ್ರ, 1984ರಲ್ಲಿ, ಆತಿಥ್ಯ ವಹಿಸಿದ್ದಕ್ಕೆ. ಅರ್ಹತಾ ಸುತ್ತು ಆಡಿ ಗೆದ್ದು ಹೋಗುತ್ತಿರುವುದು ಇದೇ ಮೊದಲು. ಅವರ ಸಂತೋಷಕ್ಕೆ ಪೂರ್ತಿ ಹಕ್ಕಿದೆ.

ಈಗ ಒಂದು ಲೆಕ್ಕ ಮಾಡೋಣ. ಈ ಐದು ಪಂದ್ಯಗಳಲ್ಲಿ ಭಾರತ ಬಿಟ್ಟುಕೊಟ್ಟ ಗೋಲು ಐದು, ಹೊಡೆದದ್ದು ಎರಡು. ಮೂರೂ ಸೋಲು ಒಂದೇ ಗೋಲಿನ ಅಂತರದ್ದು. ಪ್ರತಿ ಪಂದ್ಯದಲ್ಲೂ ಭಾರತ ಒಂದೇ ಒಂದು ಗೋಲು ಹೆಚ್ಚು ಹೊಡೆದಿತ್ತು ಅಂತಿಟ್ಟುಕೊಳ್ಳಿ, ಬೇರೆ ಏನೂ ಬದಲಾಗಿಲ್ಲ. ಶಿಲ್ಲಾಂಗ್ 1-0, ಗೆಲುವು. ಕೈ ಟಾಕ್ 1-1. ಸಿಂಗಪುರದಲ್ಲಿ 2-1, ಗೆಲುವು. ಗೋವಾದಲ್ಲಿ 2-2. ಢಾಕಾದಲ್ಲಿ 1-1. ಒಟ್ಟು ಒಂಬತ್ತು ಅಂಕ. ಸಿಂಗಪುರದ 11 ಆಗ ಎಂಟಕ್ಕೆ ಇಳಿಯುತ್ತದೆ. ಹಾಂಗ್‌ಕಾಂಗ್‌ಗೆ ಆರು, ಬಾಂಗ್ಲಾದೇಶಕ್ಕೆ ಎರಡು. ಕೊನೆಯಲ್ಲಿದ್ದ ಭಾರತ ಮೊದಲ ಸ್ಥಾನಕ್ಕೆ ಬರುತ್ತದೆ.

ಫುಟ್‌ಬಾಲ್ ಹೀಗೆ ಕೂಡಿಸಿ ಕಳೆಯುವ ಆಟವಲ್ಲ, ನಿಜ. ಒಂದು ಗೋಲು ಬಿದ್ದರೆ ಎದುರಾಳಿಯ ಆಟವೂ ಬದಲಾಗುತ್ತದೆ. ಆದರೂ ಕೊರತೆ ಎಲ್ಲಿದೆ ಅನ್ನೋದನ್ನ ಈ ಲೆಕ್ಕ ಸರಿಯಾಗಿ ತೋರಿಸುತ್ತದೆ. ಡಿಫೆನ್ಸ್ ಕುಸಿದುಬಿದ್ದಿಲ್ಲ. ಕೋಚ್‌ಗಳು ಬದಲಾದರೂ ಬಿಟ್ಟುಕೊಟ್ಟ ಗೋಲು ಸರಾಸರಿ ಪಂದ್ಯಕ್ಕೊಂದು. ಬರ ಇರುವುದು ಮುಂದಿನ ಸಾಲಿನಲ್ಲಿ.

ಇದು ಒಂದು ಗುಂಪಿನ ಕಥೆಯೂ ಅಲ್ಲ. ವಿಶ್ವಕಪ್ ಅರ್ಹತೆಯ ಆರು ಪಂದ್ಯ, 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನ ಮೂರು ಪಂದ್ಯ, ಈ ಗುಂಪಿನ ಐದು ಪಂದ್ಯ, ಒಟ್ಟು 14. ಭಾರತ ಹೊಡೆದದ್ದು ಐದು ಗೋಲು. ಅದರಲ್ಲಿ ಒಂದು ಪೆನಾಲ್ಟಿ. ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್, ಸಿರಿಯಾ ಮೂರರ ಎದುರೂ ಸೊನ್ನೆ. ಹದಿನಾಲ್ಕರಲ್ಲಿ ಗೆಲುವು ಒಂದೇ, ಕುವೈತ್‌ನಲ್ಲಿ ಮನ್‌ವೀರ್ ಗೋಲು ಹೊಡೆದ ರಾತ್ರಿಯದು.

ಗೋಲು ಹೊಡೆಯುವವರು ಯಾಕೆ ಇಲ್ಲ? ಉತ್ತರ ನಮ್ಮ ಲೀಗ್‌ನಲ್ಲೇ ಇದೆ. ಐಎಸ್‌ಎಲ್ 2014ರಲ್ಲಿ ಶುರುವಾಯಿತು. ಅಂದಿನಿಂದ 2024-25ರವರೆಗೆ ಒಂದು ಸೀಸನ್‌ನಲ್ಲೂ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಭಾರತೀಯನ ಪಾಲಾಗಿಲ್ಲ. 2024-25ರಲ್ಲಿ ಅದನ್ನು ಪಡೆದವರು ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರಾಕ್ಕೊ ಆಟಗಾರ ಅಲಾವುದ್ದೀನ್ ಅಜಾರೈ, 23 ಗೋಲು. ಲೀಗ್ ನಿಯಮದ ಪ್ರಕಾರ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರು ಇರಬಹುದು. ಕ್ಲಬ್‌ಗಳು ಅವರನ್ನು ಎಲ್ಲಿ ನಿಲ್ಲಿಸುತ್ತವೆ? ಹಿಂದೆ ನಡುವಿನ ಡಿಫೆಂಡರ್, ಮಧ್ಯದಲ್ಲಿ ಆಟ ಕಟ್ಟುವವನು, ಮುಂದೆ ಸ್ಟ್ರೈಕರ್. ಭಾರತೀಯ ಹುಡುಗ ಅಂಚಿನಲ್ಲಿ ಓಡುತ್ತಾನೆ, ಇಲ್ಲವೇ ಬೆಂಚಿನಲ್ಲಿ ಕೂರುತ್ತಾನೆ.

ಕ್ಲಬ್‌ಗಳನ್ನು ಸುಮ್ನೆ ಬೈಯಲಾರೆ. ಕೋಚ್‌ಗೆ ಈ ಶನಿವಾರದ ಪಂದ್ಯ ಗೆಲ್ಲಬೇಕು. ಅನುಭವಿ ವಿದೇಶಿ ಸ್ಟ್ರೈಕರ್ ಇದ್ದಾಗ 20 ವರ್ಷದ ಹುಡುಗನನ್ನು ನಿಲ್ಲಿಸಿ ಕೆಲಸ ಕಳೆದುಕೊಳ್ಳಲು ಯಾರು ಸಿದ್ಧ? ಆದರೆ ಗೋಲಿನ ಮುಂದೆ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡುವುದು ಅಭ್ಯಾಸದಿಂದ ಬರುವ ಗುಣ. ವಾರವಾರ ಆ ಜಾಗದಲ್ಲಿ ನಿಂತು, ಹತ್ತು ಸಲ ತಪ್ಪಿ, ಹನ್ನೊಂದನೇ ಸಲ ಹೊಡೆದರೆ ಅದು ಬರುತ್ತದೆ. ಈಜು ಕಲಿಯಲು ನೀರಿಗೆ ಇಳಿಯಲೇಬೇಕು. ನಮ್ಮ ಸ್ಟ್ರೈಕರ್‌ಗಳು ದಡದಲ್ಲಿ ಕೂತಿದ್ದಾರೆ. ಛೆಟ್ರಿ ಬೆಳೆದದ್ದು ಐಎಸ್‌ಎಲ್‌ಗಿಂತ ಹಿಂದಿನ ಕಾಲದಲ್ಲಿ. ಅವರ ನಂತರ ಅವರಂತೆ ಸ್ಥಿರವಾಗಿ ಗೋಲು ಹೊಡೆಯುವ ಇನ್ನೊಬ್ಬರು ಬರಲಿಲ್ಲ ಅನ್ನೋದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ನವೆಂಬರ್‌ನ ಢಾಕಾ ತಂಡದಲ್ಲಿ ಛೆಟ್ರಿಯೂ ಇರಲಿಲ್ಲ.

ಸೋಲಿನ ನಂತರ ಇನ್ನೊಂದು ಚರ್ಚೆ ಜೋರಾಯಿತು: ವಿದೇಶದಲ್ಲಿರುವ ಭಾರತ ಮೂಲದ ಆಟಗಾರರನ್ನು ಕರೆತರುವುದು. ಬಾಂಗ್ಲಾದೇಶ ಮಾಡಿದ್ದು ಅದನ್ನೇ. ಇಂಗ್ಲೆಂಡಿನಿಂದ ಹಮ್ಜಾ, ಕೆನಡಾದಿಂದ ಶಮಿತ್ ಶೋಮ್. ಹಾಂಗ್‌ಕಾಂಗ್ ತಂಡದಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿ, ಹಾಂಗ್‌ಕಾಂಗ್ ಲೀಗ್‌ನಲ್ಲೇ ವರ್ಷಗಟ್ಟಲೆ ಆಡಿ ಅಲ್ಲಿನವರೇ ಆದವರು ಇದ್ದಾರೆ. ಭಾರತ ಎರಡು ಪೌರತ್ವಕ್ಕೆ ಒಪ್ಪುವುದಿಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಸಾಲದು, ಭಾರತದ ಪಾಸ್‌ಪೋರ್ಟ್ ಇದ್ದವರೇ ಭಾರತಕ್ಕೆ ಆಡಬೇಕು. ಹಾಗಾಗಿ ದಾರಿ ಮುಚ್ಚಿದೆ ಅನ್ನುವವರು ಸಿಂಗಪುರವನ್ನು ನೋಡಬೇಕು. ಅವರೂ ಎರಡು ಪೌರತ್ವ ಒಪ್ಪುವುದಿಲ್ಲ. ನಮ್ಮನ್ನು ಫತೋರ್ಡಾದಲ್ಲಿ ಮುಗಿಸಿದ ಸಾಂಗ್ ಉಯ್-ಯಂಗ್ ದಕ್ಷಿಣ ಕೊರಿಯಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಸಿಂಗಪುರಕ್ಕೆ ಬಂದು, ಅಲ್ಲೇ ಆಡಿ ಬೆಳೆದು, 2021ರಲ್ಲಿ ಅಲ್ಲಿಯ ಪೌರರಾದರು.

ನಮ್ಮಲ್ಲೂ ಒಬ್ಬರು ಹಾಗೆ ಬಂದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ತಾಯಿ ಹುಟ್ಟಿದ್ದು ಮುಂಬೈನಲ್ಲಿ. ಆಸ್ಟ್ರೇಲಿಯಾ ಪರ ಒಂದು ಪಂದ್ಯವನ್ನೂ ಆಡಿದ್ದರು. ಅಲ್ಲಿಯ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಶಿಬಿರಕ್ಕೂ ಬಂದರು. ಆದರೆ ತಂಡ ಬದಲಿಸಲು ಬೇಕಿದ್ದ ಅನುಮತಿ ಸಮಯಕ್ಕೆ ಸಿಗದೆ ಢಾಕಾದಲ್ಲಿ ಆಡಲಾಗಲಿಲ್ಲ. ಪೌರತ್ವ ಬಿಟ್ಟುಕೊಟ್ಟು ಬರುವುದು ದೊಡ್ಡ ತ್ಯಾಗ, ಅವರ ಮೇಲೆ ನನಗೆ ಅಪಾರ ಗೌರವ ಇದೆ. ಆದರೆ ಇಂಥ ಒಬ್ಬಿಬ್ಬರಿಂದ ಒಂದು ಪಂದ್ಯ ಗೆಲ್ಲಬಹುದು. 140 ಕೋಟಿ ಜನರ ದೇಶದ ಸ್ಟ್ರೈಕರ್ ಸಮಸ್ಯೆಗೆ ಅದೇ ಪರಿಹಾರ ಅಂದರೆ ನಾನು ಒಪ್ಪಲಾರೆ. ಸಿಂಗಪುರದ ಮುಂದಿನ ಸಾಲಿನಲ್ಲೂ ಸಾಂಗ್ ಒಬ್ಬರೇ ಇರಲಿಲ್ಲ. ಅವರ ಪಕ್ಕದಲ್ಲಿ ಇಖ್ಸಾನ್ ಫಾಂಡಿ, ಇಲ್ಹಾನ್ ಫಾಂಡಿ, ಶವಾಲ್ ಅನ್ವರ್ ಇದ್ದರು. ಕೋಚ್ ಗ್ಯಾವಿನ್ ಲೀ ಕೂಡ ಸಿಂಗಪುರದವರೇ. ಅವರಿಗೂ ಹಳೆಯ ಕೋಚ್ ಮಧ್ಯದಲ್ಲೇ ಬಿಟ್ಟುಹೋದ ತೊಂದರೆ ಇತ್ತು. ಅದನ್ನು ದಾಟಿ ಗೆದ್ದರು.

ನಮ್ಮ ಆಟಗಾರರು ಈ ಗುಂಪಿನ ನಿರ್ಣಾಯಕ ತಿಂಗಳುಗಳನ್ನು ಎಂಥ ಸ್ಥಿತಿಯಲ್ಲಿ ಕಳೆದರು ಅನ್ನೋದನ್ನ ನೆನೆದರೆ ಸಂಕಟ ಆಗುತ್ತದೆ. 2024-25ರ ಐಎಸ್‌ಎಲ್ ಫೈನಲ್ ನಡೆದದ್ದು 2025ರ ಏಪ್ರಿಲ್ 12ರಂದು. ಫೆಡರೇಶನ್ ಮತ್ತು ಆಗ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ನಡುವಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸ ಒಪ್ಪಂದ ಆಗಲಿಲ್ಲ. ಜುಲೈನಲ್ಲಿ ಹೊಸ ಸೀಸನ್ ತಡೆಹಿಡಿಯಲಾಗಿದೆ ಅಂತ ಕ್ಲಬ್‌ಗಳಿಗೆ ತಿಳಿಸಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಬೇಕಾಯಿತು. ನವೆಂಬರ್‌ನಲ್ಲಿ ಲೀಗ್‌ನ ವಾಣಿಜ್ಯ ಹಕ್ಕಿಗೆ ಕರೆದ ಟೆಂಡರ್‌ಗೆ ಒಬ್ಬರೂ ಬರಲಿಲ್ಲ. ಲೀಗ್ ಮತ್ತೆ ಶುರುವಾದದ್ದು 2026ರ ಫೆಬ್ರವರಿಯಲ್ಲಿ, ಅದೂ ಪಂದ್ಯಗಳನ್ನು ಕಡಿಮೆ ಮಾಡಿ. ಅಂದರೆ ಸಿಂಗಪುರ, ಗೋವಾ, ಢಾಕಾ ಮೂರೂ ಪಂದ್ಯಗಳನ್ನು ಭಾರತ ಆಡಿದ್ದು ಸ್ವಂತ ಲೀಗ್ ನಿಂತುಹೋಗಿದ್ದ ಕಾಲದಲ್ಲಿ. ಸಂಬಳ ಬರುತ್ತದೋ ಇಲ್ಲವೋ, ಕ್ಲಬ್ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಹುಡುಗರು ಅವರು. ಅವರಿಗೆ ಮನಸ್ಸಿರಲಿಲ್ಲ ಅಂತ ಬೈಯುವವರ ಮಾತು ನನಗೆ ನೋವು ತರುವುದು ಇದಕ್ಕೇ.

ಏಷ್ಯನ್ ಕಪ್ ತಪ್ಪಿದ್ದರ ಪೆಟ್ಟು 2027ಕ್ಕೆ ಮುಗಿಯುವುದಿಲ್ಲ. 2023ರ ಜುಲೈನಲ್ಲಿ, ಕಂಠೀರವದಲ್ಲಿ ಕುವೈತ್ ಅನ್ನು ಶೂಟೌಟ್‌ನಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿದ ಆ ತಿಂಗಳು, ಭಾರತದ ರ‍್ಯಾಂಕಿಂಗ್ 99 ಆಗಿತ್ತು. ಢಾಕಾ ಸೋಲಿನ ನಂತರ 142. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. 2026ರ ವಿಶ್ವಕಪ್ ಅರ್ಹತೆಯಲ್ಲಿ ಏಷ್ಯಾದ ಮೊದಲ 26 ತಂಡಗಳು ನೇರ ಎರಡನೇ ಸುತ್ತಿಗೆ ಹೋದವು. ಕೆಳಗಿನ 20 ತಂಡಗಳು ಮೊದಲ ಸುತ್ತಿನಲ್ಲಿ ಎರಡು ಪಂದ್ಯ ಆಡಿ ಗೆದ್ದು ಬರಬೇಕಿತ್ತು, ಸೋತರೆ ಅಲ್ಲಿಗೇ ವಿಶ್ವಕಪ್ ದಾರಿ ಬಂದ್. ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರ ಮೂರೂ ಹಾಗೆಯೇ ಬಂದ ತಂಡಗಳು. ಭಾರತಕ್ಕೆ ಆ ಕಷ್ಟ ಇರಲಿಲ್ಲ. ಈಗ 26ರ ಆ ಗೆರೆ ನಮಗೆ ಬಹಳ ಹತ್ತಿರ ಬಂದಿದೆ. ಏಷ್ಯನ್ ಕಪ್‌ಗೆ ಹೋದವರಿಗೆ ಅಲ್ಲಿನ ಪಂದ್ಯಗಳಿಂದ ರ‍್ಯಾಂಕಿಂಗ್ ಅಂಕ ಹೆಚ್ಚು ಸಿಗುತ್ತದೆ. ಹೊರಗೆ ಉಳಿದವರು ಸೌಹಾರ್ದ ಪಂದ್ಯಗಳಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಗಳಿಸಬೇಕು.

ಮುಂದಿನ ಡ್ರಾಗೆ ಮೊದಲು ಕ್ಲಬ್‌ಗಳೂ ಫೆಡರೇಶನ್ನೂ ಸೇರಿ ಮಾಡಬಹುದಾದ ಒಂದು ಕೆಲಸ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಲೀಗ್‌ನಲ್ಲಿ ಇಷ್ಟು ನಿಮಿಷ ಭಾರತೀಯ ಸ್ಟ್ರೈಕರ್ ನಡುವಿನಲ್ಲಿ ಆಡಲೇಬೇಕು ಅಂತ ನಿಯಮ ಮಾಡಲಿ, ಇಲ್ಲವೇ ಹಾಗೆ ಆಡಿಸುವ ಕ್ಲಬ್‌ಗೆ ಹಣದ ಬೆಂಬಲ ಕೊಡಲಿ. ಬೆಂಗಳೂರು ಎಫ್‌ಸಿ ಇದನ್ನು ನಿಯಮಕ್ಕೆ ಕಾಯದೆ ಶುರು ಮಾಡಬಹುದು. ಹನ್ನೆರಡು ವರ್ಷ ಮುಂದೆ ನಿಂತ ಛೆಟ್ರಿಯ ಜಾಗ ಅಲ್ಲಿ ಇಂದಲ್ಲ ನಾಳೆ ಖಾಲಿಯಾಗುತ್ತದೆ. ಅಲ್ಲಿಗೆ ಇನ್ನೊಬ್ಬ ವಿದೇಶಿಯನ್ನು ತರುತ್ತಾರೋ, ತಮ್ಮದೇ ಅಕಾಡೆಮಿಯ ಹುಡುಗನಿಗೆ ಒಂದಿಡೀ ಸೀಸನ್ ಕೊಡುತ್ತಾರೋ ಅನ್ನೋದನ್ನ ನಾವೆಲ್ಲ ಗಮನವಿಟ್ಟು ನೋಡಬೇಕು, ಗಟ್ಟಿಯಾಗಿ ಕೇಳಲೂ ಬೇಕು.